ಅವಳ ಪುಟಕ್ಕೆ ಬಂದವರು

ಬೆಳಿಗ್ಗೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೆ ಮೊದಲು ಕಾಣಿಸುವ ಪುಟ ನನ್ನ ಹೆಂಡತಿಗಾಗಿ ಮಾಡಿದ್ದು. ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗಿತ್ತು: “ಇವತ್ತು ಸೋಮವಾರ. ನೀನು ಬಾಗಲಗುಂಟೆಯ ನಮ್ಮ ಮನೆಯಲ್ಲಿದ್ದೀಯ. ನಾನು ಫ್ಯಾಕ್ಟರಿಗೆ ಹೋಗಿದ್ದೇನೆ. ಸಂಜೆ ಆರಕ್ಕೆ ಬರುತ್ತೇನೆ. ಊಟ ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಿಟ್ಟಿದೆ. ಏನಾದರೂ ಬೇಕಾದರೆ ಮೇಲಿನ ಮನೆಯವರನ್ನು ಕೂಗು.” ವಾರದ ಹೆಸರು ದಿನವೂ ತಾನಾಗಿಯೇ ಬದಲಾಗುತ್ತಿತ್ತು. ಕೆಳಗೆ ಫ್ಯಾಕ್ಟರಿಯ ನೀಲಿ ಅಂಗಿ ತೊಟ್ಟ ನನ್ನ ಫೋಟೊ ಇತ್ತು. ಇದನ್ನೆಲ್ಲ ಬರೆದವರು ಯಾರೆಂದು ಅವಳಿಗೆ ಕೆಲವೊಮ್ಮೆ ಮರೆತುಹೋಗುತ್ತಿತ್ತು. ಅದಕ್ಕೇ ಅದನ್ನು ಹಾಕಿದ್ದೆ.

ಅವಳು ಗದಗಿನ ಕಡೆಯವಳು. ಮದುವೆಯಾಗಿ ಬಂದ ಮೇಲೆ ಇಲ್ಲಿಯದೇ ಒಂದು ಶಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿದಳು. ನಮಗೆ ಮಕ್ಕಳಿಲ್ಲ. ಐವತ್ತು ದಾಟಿದ ಮೇಲೆ ಅವಳ ನೆನಪು ಸಣ್ಣಗೆ ಸೋರತೊಡಗಿತು. ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು, ಆಮೇಲೆ ಬೆಳಿಗ್ಗೆ ನಡೆದದ್ದು ಮಧ್ಯಾಹ್ನಕ್ಕೆ. ಫೋನ್ ಕೊಟ್ಟರೆ ಎಲ್ಲೋ ಇಟ್ಟು ಮರೆಯುತ್ತಿದ್ದಳು. ಒಮ್ಮೆ ಅದು ಅಕ್ಕಿಯ ಡಬ್ಬಿಯಲ್ಲಿ ಸಿಕ್ಕಿತು. ಆದರೆ ಹಾಲಿನ ಕಿಟಕಿಯ ಪಕ್ಕದ ಕಂಪ್ಯೂಟರ್ ಇದ್ದಲ್ಲೇ ಇರುತ್ತಿತ್ತು. ಅದರ ಮುಂದೆ ಕೂತು ಅವಳು ವರ್ಷಗಟ್ಟಲೆ ಪ್ರಶ್ನೆಪತ್ರಿಕೆ ಟೈಪ್ ಮಾಡಿದ್ದಳು. ಅವಳು ಮರೆತದ್ದನ್ನು ಅವಳ ಬೆರಳುಗಳು ಮರೆತಿರಲಿಲ್ಲ.

ಕಾಯಿಲೆ ಪತ್ತೆಯಾದ ದಿನ ಡಾಕ್ಟರು, ಹಗಲು ಹೊತ್ತು ಇಂಥವರನ್ನು ನೋಡಿಕೊಳ್ಳುವ ಕೇಂದ್ರಗಳಿವೆ ಎಂದು ಹೇಳಿದರು. ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತಾಗ ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಳು.

“ನನ್ನ ಎಲ್ಲೂ ಬಿಟ್ಟು ಬರಬ್ಯಾಡ್ರಿ. ನಮ್ಮನ್ಯಾಗ ಇರ್ತೀನಿ. ಸುಮ್ನ ಕುಂದರ್ತೀನಿ.”

ಸರಿ ಎಂದೆ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ವಿಭಾಗದಲ್ಲಿದ್ದೇನೆ. ಯಂತ್ರದಿಂದ ಇಳಿದ ಸಣ್ಣ ಸಣ್ಣ ಬಿಡಿಭಾಗಗಳನ್ನು ಅಳೆದು, ಸರಿ ಇದ್ದುದನ್ನು ಒಂದು ಕಡೆ, ಇಲ್ಲದ್ದನ್ನು ಇನ್ನೊಂದು ಕಡೆ ಇಡುವುದು ನನ್ನ ಕೆಲಸ. ನಿವೃತ್ತಿಗೆ ಇನ್ನೂ ಸಮಯವಿದೆ. ಹಗಲು ಅವಳು ಮನೆಯಲ್ಲಿ ಒಬ್ಬಳೇ ಇರಬೇಕಾದರೆ ಏನಾದರೂ ಒಂದು ಆಸರೆ ಬೇಕಿತ್ತು. ಆ ಪುಟ ಹುಟ್ಟಿದ್ದು ಹಾಗೆ. ನಮ್ಮಲ್ಲಿ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಹೆಣ್ಣುಮಗಳೊಬ್ಬಳು ಊಟದ ಬಿಡುವಿನಲ್ಲಿ ಅದನ್ನು ಮಾಡಿಕೊಟ್ಟಳು, ಮಾತು ಬದಲಾಯಿಸುವುದು ಹೇಗೆಂದು ನನಗೂ ಕಲಿಸಿದಳು.

ಮೊದಲ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿದೆ: “ನೋಡು, ಈ ಪುಟದಾಗ ಏನ್ ಬರದಿರ್ತದೋ ಅದು ನಾನ ಹೇಳಿದ್ದು ಅಂತ ತಿಳ್ಕೊ. ನಾ ಮನ್ಯಾಗ ಇರಲಿಲ್ಲಂದ್ರೂ ಇಲ್ಲಿ ಇರ್ತೀನಿ.”

“ಅಂದ್ರ ದಿನಾ ಈ ಪೆಟಿಗ್ಯಾಗ ಕುಂದರ್ತೀರಿ?”

“ಹೂಂ. ಆರಕ್ಕ ಹೊರಗ ಬರ್ತೀನಿ.”

“ಮೀಸಿ ಸಿಗಿಬಿದ್ದೀತು, ಹುಷಾರು,” ಎಂದು ನಕ್ಕಳು.

ಹಲವು ತಿಂಗಳು ಇದು ನಡೆಯಿತು. ಅವಳು ಬೆಳಿಗ್ಗೆ ಪುಟ ಓದುವಳು, ಹೊತ್ತು ಹೋಗದಾಗ ಮತ್ತೆ ಓದುವಳು. ಮಧ್ಯಾಹ್ನ ಮೇಲಿನ ಮನೆಯ ಓನರ್ ಅಮ್ಮ ಒಮ್ಮೆ ಇಣುಕಿ ಹೋಗುವರು. ಸಂಜೆ ನಾನು ಬಂದಾಗ ತಟ್ಟೆ ತೊಳೆದಿರುತ್ತಿತ್ತು. ಆ ತೊಳೆದ ತಟ್ಟೆಯನ್ನು ನೋಡಿ ಎಷ್ಟು ಸಮಾಧಾನವಾಗುತ್ತಿತ್ತೆಂದು ಯಾರಿಗೂ ಹೇಳಿಲ್ಲ.

ಒಂದು ಸಂಜೆ ಬಂದಾಗ ಊಟ ಮುಚ್ಚಿಟ್ಟ ಹಾಗೇ ಇತ್ತು. ಅವಳು ಕಂಪ್ಯೂಟರಿಗೆ ಬೆನ್ನು ಮಾಡಿ ದಿವಾನದ ಮೇಲೆ ಕೂತಿದ್ದಳು.

“ನೀವು ಇವತ್ತ ಬರಲಿಲ್ಲ,” ಎಂದಳು.

“ಬಂದೀನಲ್ಲ.”

“ಈಗಲ್ಲ. ಅದರಾಗ.”

ಬ್ರೌಸರ್ ತೆರೆದು ನೋಡಿದೆ. ನಮ್ಮ ಪುಟವಿರಲಿಲ್ಲ. ಬಿಳಿಯ ಪುಟ, ನಡುವೆ ಹುಡುಕುವ ಒಂದು ಡಬ್ಬಿ, ಮೇಲೆ ನಾನು ಎಂದೂ ಕೇಳದ ಒಂದು ಹೆಸರು. ಸುತ್ತ ಜಾಹೀರಾತುಗಳು. ಕೂದಲಿನ ಎಣ್ಣೆಯದು, ಬಸ್ ಟಿಕೆಟಿನದು. ಎಡಗಡೆ ಒಬ್ಬ ಜ್ಯೋತಿಷಿಯ ಚಿತ್ರವಿತ್ತು, ಹಣೆತುಂಬ ಕುಂಕುಮ. ಅದರ ಕೆಳಗೆ, “ಗಂಡ ನಿಮ್ಮಿಂದ ದೂರವಾಗಿದ್ದಾರೆಯೇ? ಹಿಂತಿರುಗಿ ಬರುವಂತೆ ಮಾಡುತ್ತೇವೆ.” ನನಗೆ ನಗು ಬಂತು. ಇಂಥದ್ದು ನಮ್ಮ ಮನೆಗೇಕೆ ಬಂತೆಂದು ಆಗ ಯೋಚಿಸಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಮೊದಲ ಪುಟವಾಗಿ ಮತ್ತೆ ನಮ್ಮದನ್ನೇ ಹಾಕಿದೆ. ಮುಚ್ಚಿ ತೆರೆದೆ, ಬಂತು. ನೀಲಿ ಅಂಗಿಯ ನನ್ನನ್ನು ನೋಡಿ ಅವಳು ಎದ್ದು ಊಟದ ತಟ್ಟೆ ತೆಗೆದುಕೊಂಡಳು. ಮರುದಿನ ಸಂಜೆ ಬಂದಾಗ ಬಿಳಿಯ ಪುಟ ಮತ್ತೆ ಕೂತಿತ್ತು. ಹಾಕಿದೆ. ಅದರ ಮರುದಿನವೂ ಅಷ್ಟೇ.

ಆ ವಾರದಲ್ಲೇ ಒಂದು ಮಧ್ಯಾಹ್ನ ಓನರ್ ಅಮ್ಮನ ಫೋನ್ ಬಂತು. ಅವರು ಇದೇ ಊರಿನ ಹಳಬರು. ಬಾಗಲಗುಂಟೆಯಲ್ಲಿ ರಾಗಿ ಹೊಲಗಳಿದ್ದ ಕಾಲದಿಂದ ಇಲ್ಲಿಯೇ ಇದ್ದವರು.

“ಅಣ್ಣ, ಒಸಿ ಬೇಗ್ ಬನ್ನಿ. ಟೀಚ್ರಮ್ಮ ಬಸ್ ಸ್ಟಾಪ್‌ನಾಗೆ ಕೂತವ್ರೆ. ಕರುದ್ರೆ ಮನೆಗ್ ಬರಲ್ಲ ಅಂತವ್ರೆ. ತುಂಬಾ ಎದ್ರುಕೊಂಡವ್ರೆ ಕಣಣ್ಣ. ನಾ ಪಕ್ಕದಾಗೇ ಇವ್ನಿ, ನೀವೇನ್ ಗಾಬ್ರಿ ಬೀಳ್ಬೇಡಿ.”

ಕೈಯಲ್ಲಿದ್ದ ಮೈಕ್ರೊಮೀಟರನ್ನು ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದು ನೆನಪಿದೆ. ಸ್ಕೂಟರ್ ಹತ್ತಿದ್ದು ನೆನಪಿಲ್ಲ. ಬಸ್ ಸ್ಟಾಪಿನ ಸಿಮೆಂಟಿನ ಬೆಂಚಿನ ಮೇಲೆ ಅವಳು ಬೆನ್ನು ನೇರ ಮಾಡಿ ಕೂತಿದ್ದಳು. ಕಾಲಲ್ಲಿ ನನ್ನ ಚಪ್ಪಲಿಗಳಿದ್ದವು. ಓನರ್ ಅಮ್ಮ ಅವಳ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಹೋಗುವ ಬರುವ ಬಸ್ಸುಗಳ ಬಗ್ಗೆ ಏನೋ ಹೇಳುತ್ತಿದ್ದರು. ನನ್ನನ್ನು ಕಂಡದ್ದೇ ಅವಳು ಎದ್ದು ನಿಂತಳು.

“ಅಯ್ಯ, ನಿಮಗೇನೂ ಆಗಿಲ್ಲಲ್ರೀ?”

“ಏನಾಗ್ತದ ನನಗ?”

“ಪುಟದಾಗ ನೀವ ಬರದಿದ್ರಲ್ರೀ. ಅಪಾಯ, ಸುರಕ್ಷಿತವಾಗಿಲ್ಲ, ತಕ್ಷಣ ಕ್ರಮ ಕೈಗೊಳ್ಳಿ ಅಂತ. ಕೂಗೂನೂ ಕೂಗಿದ್ರಿ. ನಾ ಏನ್ ಕ್ರಮ ಕೈಗೊಳ್ಳಲಿ? ನಿಮ್ಮನ್ನ ಕರಕೊಂಡ ಬರಬೇಕಂತ ಹೊಂಟೆ. ಬಸ್ ಯಾವುದು ಅಂತ ತಿಳೀಲಿಲ್ಲ.”

ಮನೆಯೊಳಗೆ ಹೆಜ್ಜೆ ಇಟ್ಟಾಗಲೂ ಕಂಪ್ಯೂಟರ್ ಕೂಗುತ್ತಿತ್ತು. ಪರದೆ ತುಂಬ ಕೆಂಪು. ಯಾವ ಮನುಷ್ಯನೂ ಬರೆಯದಂಥ ಕನ್ನಡದಲ್ಲಿ ಎಚ್ಚರಿಕೆಗಳು, ಕೆಳಗೆ ಕರೆ ಮಾಡಲು ಒಂದು ನಂಬರು. ಅವಳು ಆ ನಂಬರಿಗೆ ಕರೆ ಮಾಡಿರಲಿಲ್ಲ. ಫೋನ್ ಎಲ್ಲಿಟ್ಟಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಮರೆವು ಅವಳನ್ನು ಕಾಪಾಡಿತೆಂದು ನನಗೆ ಅನಿಸಿದ್ದು ಆ ಒಂದು ದಿನ ಮಾತ್ರ. ತಂತಿಯನ್ನೇ ಕಿತ್ತೆ. ಮೌನವಾಯಿತು. ಲೋಟ ಎತ್ತಿ ನೀರನ್ನು ಒಂದೇ ಗುಟುಕಿಗೆ ಕುಡಿಯಲು ಹೋಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡೆ. ಅವಳು ತನ್ನ ಸೆರಗಿನಿಂದ ಅಂಗಿ ಒರೆಸಿ, “ಸಾವಕಾಶ ಕುಡೀರಿ,” ಎಂದಳು.

ಮರುದಿನ ಓನರ್ ಅಮ್ಮನನ್ನು ಅವಳ ಜೊತೆ ಕೂರಿಸಿ, ಪರದೆ ಬಿಟ್ಟು ಕಂಪ್ಯೂಟರಿನ ಪೆಟ್ಟಿಗೆಯನ್ನಷ್ಟೇ ಮುಖ್ಯರಸ್ತೆಯ ಅಂಗಡಿಗೆ ಒಯ್ದೆ. ಅಂಗಡಿಯವನು ನೋಡಿ, ಒಂದು ನಿಮಿಷದಲ್ಲಿ ತೀರ್ಪು ಕೊಟ್ಟ.

“ಫಾರ್ಮ್ಯಾಟ್ ಹೊಡ್ದ್‌ಬಿಡೋಣ ಸಾರ್. ಇದೆಲ್ಲ ಒಂದೊಂದೇ ಕೀಳ್ತಾ ಕೂತ್ರೆ ಆಗಲ್ಲ.”

“ಫಾರ್ಮ್ಯಾಟ್ ಅಂದ್ರೆ?”

“ಎಲ್ಲಾ ಮರ್ತೋಗತ್ತೆ ಸಾರ್. ಈಗ್ ತಾನೆ ಹುಟ್ಟಿದ್ ಮಗು ಥರ ಆಗ್ಬಿಡತ್ತೆ. ಟೆನ್ಶನ್ನೇ ಇಲ್ಲ.”

ನನ್ನ ಹೆಂಡತಿಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಪುಟವನ್ನೂ ಅವಳ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಕೇಳಿದೆ. ಹಾಕಿಕೊಟ್ಟ.

ಪೆಟ್ಟಿಗೆ ಅಂಗಡಿಯಲ್ಲಿದ್ದಾಗ ಪುಟದ ಮಾತುಗಳನ್ನು ದೊಡ್ಡ ಹಾಳೆಯ ಮೇಲೆ ಬರೆದು ಖಾಲಿ ಪರದೆಗೆ ಅಂಟಿಸಿದೆ. ಅವಳು ಮೊದಲ ದಿನ ಓದಿದಳು. ಎರಡನೆಯ ದಿನ ಓದಿ, ಕೆಂಪು ಪೆನ್ನಿನಿಂದ ‘ಮಂಗಳವಾರ’ಕ್ಕೆ ಅಡ್ಡಗೆರೆ ಎಳೆದಳು.

“ಇದು ತಪ್ಪೈತಿ. ಮೇಲಿನಾಕಿ ಬುಧವಾರ ಅಂತ ಹೇಳಿದ್ಲು. ನೀವು ಬರೆಯೋದಾದ್ರ ದಿನಾ ಬರೀಬೇಕು. ಒಮ್ಮೆ ಬರದು ಕೈ ಬಿಟ್ರ ಹೆಂಗ?”

ಕಂಪ್ಯೂಟರ್ ವಾಪಸು ಬಂತು, ಹೊಸದರಂತೆ. ನಮ್ಮ ಪುಟವನ್ನು ಹಾಕಿದೆ. ಅವಳ ಹಳೆಯ ಅಕೌಂಟಿಗೆ ಲಾಗಿನ್ ಆದೆ. ಒಂದೆರಡು ದಿನ ತೊಳೆದ ತಟ್ಟೆ ಕಂಡಿತು. ಆಮೇಲೆ ಬಿಳಿಯ ಪುಟ ಬಂತು, ಜ್ಯೋತಿಷಿಯ ಸಮೇತ.

ಅಂಗಡಿಗೆ ಹೋದರೆ ಅವನು ಹಣೆ ಚಚ್ಚಿಕೊಂಡ. “ಅದೇ ಅಕೌಂಟಿಗೆ ಲಾಗಿನ್ ಆದ್ರಾ ಸಾರ್? ಹೋಯ್ತು ಬಿಡಿ. ಮೊದ್ಲು ಆ ಬ್ರೌಸರಲ್ಲಿ ಏನೇನ್ ಸೇರ್ಕೊಂಡಿತ್ತೋ ಅಷ್ಟನ್ನೂ ಅಕೌಂಟ್ ಜ್ಞಾಪ್ಕ ಇಟ್ಕೊಂಡಿರತ್ತೆ. ನೀವು ಬಾಗಿಲ್ ತೆಗುದ್ರಿ, ಎಲ್ಲಾ ಮೆರವಣಿಗೇಲಿ ವಾಪಸ್ ಬಂದ್ವು. ಇನ್ನೊಂದ್ಸಲ ಹೊಡ್ಯೋಣ್ವಾ?”

ಬೇಡ ಎಂದೆ. ಫ್ಯಾಕ್ಟರಿಯಲ್ಲಿ ಒಂದು ಭಾಗ ಮೇಲಿಂದ ಮೇಲೆ ಕೆಟ್ಟು ಬರುತ್ತಿದ್ದರೆ ನಾವು ಯಂತ್ರವನ್ನು ಬದಲಾಯಿಸುವುದಿಲ್ಲ. ಒಂದನ್ನು ಸರಿಪಡಿಸುತ್ತೇವೆ, ಓಡಿಸಿ ಅಳೆಯುತ್ತೇವೆ, ಆಮೇಲೆ ಇನ್ನೊಂದು. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತೆಂದು ಎಂದೂ ತಿಳಿಯುವುದಿಲ್ಲ. ಆ ಭಾನುವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಹಾಗೆಯೇ ಕೂತೆ. ಅವಳು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಳು.

ಮೊದಲು ಅಕೌಂಟಿನಿಂದ ಹೊರಬಂದೆ. ಅದು ನೆನಪಿಟ್ಟುಕೊಂಡಿದ್ದ ಸೆಟ್ಟಿಂಗ್‌ಗಳನ್ನು ಅಳಿಸಿದೆ. ಪಾಸ್‌ವರ್ಡ್ ಬದಲಾಯಿಸಿದೆ. ಮುಚ್ಚಿ, ತೆರೆದೆ. ಬಿಳಿಯ ಪುಟವಿತ್ತು. ಆಮೇಲೆ ಬ್ರೌಸರಿಗೆ ಅಂಟಿಕೊಂಡ ಎಕ್ಸ್‌ಟೆನ್ಷನ್‌ಗಳನ್ನು, ಅಂದರೆ ಬ್ರೌಸರಿನೊಳಗೆ ಸೇರಿಕೊಂಡು ಕೆಲಸ ಮಾಡುವ ಪುಟ್ಟ ಪ್ರೋಗ್ರಾಮುಗಳನ್ನು, ಒಂದೊಂದಾಗಿ ಓದಿದೆ. ಒಂದು, ಹೊಸ ಪುಟಗಳನ್ನು ಚಂದ ಮಾಡುತ್ತೇನೆಂದು ಹೇಳಿಕೊಂಡಿತ್ತು. ಅದಕ್ಕಿದ್ದ ಹಕ್ಕುಗಳನ್ನು ತೆರೆದು ನೋಡಿದರೆ, ‘ನೀವು ಭೇಟಿ ಕೊಡುವ ಎಲ್ಲ ಸೈಟುಗಳ ಮಾಹಿತಿಯನ್ನು ಓದುವುದು ಮತ್ತು ಬದಲಾಯಿಸುವುದು’ ಎಂದಿತ್ತು. ಓದುವುದು ಎಂಬ ಪದದ ಮೇಲೆ ನನ್ನ ಕಣ್ಣು ಸ್ವಲ್ಪ ಹೊತ್ತು ನಿಂತಿತು. ತೆಗೆದೆ. ಮುಚ್ಚಿ, ತೆರೆದೆ. ನಮ್ಮ ಪುಟ ಬಂತು. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದೆ. ಬಿಳಿಯ ಪುಟ.

“ಹುಳಾ ಸಿಕ್ತೇನ್ರಿ?” ಎಂದಳು ಅವಳು, ಒಂದು ಅವರೆಕಾಯಿಯನ್ನು ಬೆಳಕಿಗೆ ಹಿಡಿದು.

“ಒಂದ ಸಿಕ್ತು. ಇನ್ನೂ ಅದಾವು.”

“ಇದರಾಗೂ ಒಂದೈತಿ ನೋಡ್ರಿ. ಕಾಳಿನಷ್ಟ ಹಸರು. ಅದರ ಕೂಡ ಬೆಳದು ಅದರ ಬಣ್ಣನ ತಗೊಂಡೈತಿ.”

ಆರಿಸಿ ಹಚ್ಚಿದಾಗ ಮಾತ್ರ ಬರುತ್ತದೆಂದರೆ, ಹಚ್ಚಿದಾಗ ಓಡುವ ಏನೋ ಒಂದು ಇದೆ. ಹೊತ್ತು ಹೊತ್ತಿಗೆ ತಾನಾಗಿ ನಡೆಯಬೇಕಾದ ಕೆಲಸಗಳನ್ನು ಕಂಪ್ಯೂಟರ್ ಒಂದು ಕಡೆ ಇಟ್ಟುಕೊಂಡಿರುತ್ತದೆ. ಅಲ್ಲಿ ಒಂದು, ಸರ್ಕಾರಿ ಹೆಸರಿನಂಥ ಗಂಭೀರ ಹೆಸರಿಟ್ಟುಕೊಂಡು, ಪ್ರತಿಸಲ ಕಂಪ್ಯೂಟರ್ ಶುರುವಾದಾಗ ಎದ್ದು, ತೆಗೆದದ್ದನ್ನೆಲ್ಲ ಮತ್ತೆ ಜೋಡಿಸಿ ಮಲಗುತ್ತಿತ್ತು. ಅದು ಹುಟ್ಟಿದ್ದು ಎಲ್ಲಿಂದ ಎಂದು ಹಿಂದೆ ಹಿಂದೆ ಹೋದೆ. ಅವಳ ಹಳೆಯ ಪ್ರಶ್ನೆಪತ್ರಿಕೆಗಳು ಹಳೆಯ ಕಾಲದ ಒಂದು ಫಾಂಟಿನಲ್ಲಿದ್ದವು. ಈಗ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದವು. ಆ ಫಾಂಟನ್ನು ಉಚಿತವಾಗಿ ಕೊಡುತ್ತೇವೆಂದ ಯಾವುದೋ ಸೈಟಿನಿಂದ ನಾವೇ ಅದನ್ನು ಇಳಿಸಿಕೊಂಡಿದ್ದೆವು, ಅಂಗಡಿಗೆ ಒಯ್ಯುವ ಮೊದಲೂ ಒಮ್ಮೆ, ಆಮೇಲೂ ಒಮ್ಮೆ. ಫಾಂಟಿನ ಬೆನ್ನಿಗೆ ಇದೂ ಒಳಗೆ ಬಂದಿತ್ತು. ಅವಳು ಕಲಿಸಿದ ಪಾಠಗಳ ಪ್ರಶ್ನೆಗಳನ್ನು ಅವಳೇ ಓದಲಿ ಎಂಬ ಆಸೆ ಇಬ್ಬರಿಗೂ ಇತ್ತು.

ಎಲ್ಲವನ್ನೂ ತೆಗೆದೆ. ಪರದೆಯ ಮೇಲೆ ಬ್ರೌಸರ್ ತೆರೆಯಲು ಒತ್ತುವ ಪುಟ್ಟ ಚಿತ್ರದ ಹಿಂದೆ, ಬಾಲದಂತೆ ಅಂಟಿಸಿದ್ದ ಬಿಳಿಯ ಪುಟದ ವಿಳಾಸವನ್ನೂ ಕತ್ತರಿಸಿದೆ. ಆರಿಸಿದೆ, ಹಚ್ಚಿದೆ, ತೆರೆದೆ. ಊಟ ಮಾಡಿ ಬಂದು ಮತ್ತೆ ತೆರೆದೆ. ನಮ್ಮ ಪುಟವೇ ಇತ್ತು. ಅವಳು ಸಾರಿನಲ್ಲಿ ಉಪ್ಪು ಎರಡು ಸಲ ಹಾಕಿದ್ದಳು. ಇಬ್ಬರೂ ಮಜ್ಜಿಗೆ ಸುರಿದುಕೊಂಡು ಉಂಡೆವು.

ಬಿಳಿಯ ಪುಟ ಆಮೇಲೆ ಬರಲಿಲ್ಲ. ಆದರೆ ಎರಡು ದಿನಕ್ಕೇ ಪರದೆಯ ಮೂಲೆಯಲ್ಲಿ ಸಣ್ಣ ಸಣ್ಣ ಚೌಕಗಳು ಏಳತೊಡಗಿದವು. ಒಂದು ಮುಚ್ಚಿದರೆ ಇನ್ನೊಂದು. ಅದರಲ್ಲೊಂದು ಕೆಂಪಗಿತ್ತು, ಅಪಾಯ ಎಂದಿತ್ತು. ಅವಳು ಅದನ್ನು ನೋಡಿದ್ದರೆ ಮತ್ತೆ ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದಳು. ಓನರ್ ಅಮ್ಮ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಹೇಳಿದರು: “ಅಣ್ಣ, ನಾ ಏಳ್ತೀನಿ ಅಂತ ಬೇಜಾರ್ ಮಾಡ್ಕಬೇಡಿ. ಇಂಗೇ ಆದ್ರೆ ಒಬ್ರುನ್ನೇ ಬಿಡಾಕಾಯ್ತದಾ? ರೋಡು ನೋಡಿದ್ರಲ್ಲ, ಲಾರಿಗಳು. ಡಾಕುಟ್ರು ಏಳಿದ್ ಜಾಗನಾದ್ರೂ ಒಂದ್ಕಿತ ನೋಡ್ಕೊಂಡ್ ಬನ್ನಿ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನೋಡಿ ಬರುತ್ತೇನೆಂದೆ. ಒಳಗೆ ಅವಳು ನಮ್ಮ ಮಾತು ಕೇಳಿಸಿಕೊಂಡಳೋ ಇಲ್ಲವೋ, ಆ ಸಂಜೆ ನಾನು ಎಲ್ಲಿ ಹೋದರೂ ಹಿಂದೆಯೇ ಬಂದಳು. ಅಡುಗೆಮನೆಗೆ, ಹಿತ್ತಲಿಗೆ, ಗೇಟಿಗೆ.

ಮರುದಿನ ಅರ್ಧ ದಿನ ರಜೆ ಹಾಕಿ ಮನೆಯಲ್ಲೇ ಉಳಿದೆ. ಕೆಟ್ಟ ಭಾಗ ಎಲ್ಲಿಂದ ಬರುತ್ತದೆಂದು ತಿಳಿಯದಿದ್ದರೆ ಯಂತ್ರದ ಪಕ್ಕದಲ್ಲಿ ನಿಂತು, ಯಾವುದನ್ನೂ ಮುಟ್ಟದೆ ನೋಡಬೇಕು. ದಿವಾನದ ಮೇಲೆ, ಅವಳ ಬೆನ್ನ ಹಿಂದೆ, ಕೈಚಾಚಿದರೆ ಮುಟ್ಟುವಷ್ಟು ದೂರದಲ್ಲಿ ಕೂತೆ. ಮೊದಮೊದಲು ಅವಳು ತಿರುಗಿ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಅಭ್ಯಾಸವೇ ಅವಳನ್ನು ಎಳೆದುಕೊಂಡಿತು.

ಪುಟವನ್ನು ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ, ನಿಲ್ಲಬೇಕಾದಲ್ಲಿ ನಿಂತು ಓದಿದಳು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ಆಮೇಲೆ ಹುಡುಕುವ ಡಬ್ಬಿಗೆ ಹೋಗಿ ಟೈಪ್ ಮಾಡಿದಳು. ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ.

‘ನಮ್ಮ ಮನೆಯವರು ಎಷ್ಟು ಹೊತ್ತಿಗೆ ಬರುತ್ತಾರೆ?’

ನಾನು ಅವಳ ಹಿಂದೆಯೇ ಕೂತಿದ್ದೆ.

ಬಂದ ಉತ್ತರಗಳನ್ನು ಮೇಲಿನಿಂದ ಕೆಳಕ್ಕೆ ಓದಿದಳು. ರೈಲು ಬರುವ ವೇಳೆ ಇತ್ತು. ಮನೆ ಕಟ್ಟುವವರದಿತ್ತು. ಅವಳು ಮತ್ತೆ ಟೈಪ್ ಮಾಡಿದಳು. ‘ಮನೆಯವರು ಇನ್ನೂ ಬಂದಿಲ್ಲ. ಎಲ್ಲಿದ್ದಾರೆ?’

ಜ್ಯೋತಿಷಿ ನಮ್ಮ ಮನೆಗೆ ಏಕೆ ಬಂದನೆಂದು ಆಗ ನನಗೆ ಗೊತ್ತಾಯಿತು. ಅಷ್ಟು ವಾರಗಳಿಂದ, ನಾನು ಪೀಣ್ಯದಲ್ಲಿ ತಲೆ ಬಗ್ಗಿಸಿ ಅಳೆಯುತ್ತಿದ್ದ ಹೊತ್ತಿನಲ್ಲಿ, ಅವಳು ಹೀಗೆ ಕೇಳುತ್ತಾ ಇದ್ದಳು. ನಾನು ತೆಗೆದುಹಾಕಿದ್ದ, ಎಲ್ಲವನ್ನೂ ಓದುವ ಹಕ್ಕಿದ್ದ ಆ ಪುಟ್ಟ ಪ್ರೋಗ್ರಾಂ ಒಂದೊಂದು ಪ್ರಶ್ನೆಯನ್ನೂ ಓದಿ, ಗಂಡ ಬಿಟ್ಟುಹೋದ ಹೆಂಗಸು ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕ ಸರಕು ಕಳಿಸಿತ್ತು. ನನಗೆ ಗೊತ್ತಿಲ್ಲದ್ದು ಅದಕ್ಕೆ ಗೊತ್ತಿತ್ತು. ಕೋಪ ಬರಬೇಕಿತ್ತು. ಬರಲಿಲ್ಲ.

ಅವಳು ಒಂದು ಸೈಟನ್ನು ತೆರೆದಳು. ತೆರೆದ ಕೂಡಲೇ ಮೇಲಿನಿಂದ ಒಂದು ಚೌಕ ಇಳಿಯಿತು: ನಿಮಗೆ ಅಧಿಸೂಚನೆಗಳನ್ನು ತೋರಿಸಲು ಈ ಸೈಟ್ ಬಯಸುತ್ತದೆ. ಕೆಳಗೆ ಎರಡು ಗುಂಡಿ. ನಿರ್ಬಂಧಿಸಿ. ಅನುಮತಿಸಿ. ಅವಳು ಎರಡನ್ನೂ ಓದಿ, ಅನುಮತಿಸಿ ಎಂಬುದನ್ನು ಒತ್ತಿದಳು. ಮುಂದಿನ ಸೈಟಿನಲ್ಲಿಯೂ ಹಾಗೆಯೇ. ಒತ್ತುವಾಗ ತಲೆಯನ್ನು ಸ್ವಲ್ಪ ಬಾಗಿಸುತ್ತಿದ್ದಳು.

“ಅದನ್ಯಾಕ ಒತ್ತಿದಿ?” ಎಂದೆ, ಆದಷ್ಟು ಮೆಲ್ಲಗೆ.

ತಿರುಗಿದಳು. ನಾನಲ್ಲಿದ್ದುದನ್ನು ಕಂಡು ಮುಖ ಅರಳಿತು. “ಅಯ್ಯ, ಬಂದ್ರಿ?”

“ಬಂದೆ. ಅದನ್ಯಾಕ ಒತ್ತಿದಿ, ಹೇಳು.”

“ಕೇಳ್ಯಾರಲ್ರೀ.”

“ಅವರು ಯಾರಂತ ಗೊತ್ತೇನು?”

“ಬಾಗಲಕ್ಕ ಬಂದವ್ರನ್ನ ಯಾರಂತ ಕೇಳ್ತಾರೇನು? ನಿರ್ಬಂಧಿಸಿ ಅಂತ ಒತ್ತಬೇಕೇನು ನಾನು? ಬಾಯಿಬಿಟ್ಟು ಕೇಳ್ಯಾರ, ಅವರ ಮುಖದ ಮ್ಯಾಲ ಬಾಗಲಾ ಹಾಕಲೇನು?”

ನಮ್ಮ ಮುಂಬಾಗಿಲ ಹಿಂದೆ ಒಂದು ಸ್ಟೀಲಿನ ಡಬ್ಬಿ ಇದೆ. ಅದರಲ್ಲಿ ಯಾವಾಗಲೂ ಜೋಳ ಇರುತ್ತದೆ. ಅವಳ ತವರಿನಲ್ಲಿ ಬಾಗಿಲ ಹಿಂದೆ ಮೊರದಲ್ಲಿ ಇರುತ್ತಿತ್ತು. ಸೋಮವಾರ ಸೋಮವಾರ ಭಿಕ್ಷೆಗೆ ಅಯ್ಯನವರು ಬರುತ್ತಿದ್ದರು, ಉಳಿದ ದಿನ ಯಾರು ಯಾರೋ. ಇಲ್ಲ ಎಂಬ ಮಾತು ಹೊಸ್ತಿಲ ಮೇಲೆ ಬರಬಾರದೆಂದು ಅವಳ ಅವ್ವ ಕಲಿಸಿದ್ದಳು. ಮನೆಯಲ್ಲಿ ಕಡಿಮೆ ಇದ್ದ ದಿನವೂ ಒಂದು ಹಿಡಿ. ಬಾಗಲಗುಂಟೆಯಲ್ಲಿ ಜೋಳ ಕೇಳಿ ಬರುವವರು ಈಗ ಅಪರೂಪ. ಆದರೂ ಡಬ್ಬಿ ತುಂಬಿಯೇ ಇರುತ್ತದೆ. ಬೆಲ್ ಒತ್ತಿದ ಗ್ಯಾಸಿನವನಿಗೂ ಒಮ್ಮೆ ಒಂದು ಹಿಡಿ ಸಿಕ್ಕಿತ್ತು, ಅವನು ಪಾಪ ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋದ. ವಾರ ಮರೆತರೂ, ನನ್ನ ಹೆಸರು ಮರೆತರೂ, ಇದನ್ನು ಅವಳು ಮರೆತಿರಲಿಲ್ಲ. ಇದನ್ನು ಮರೆಸಲು ನಾನು ಯಾರು?

“ಪುಟದಾಗ ಬರದೈತಲ್ಲ, ಆರಕ್ಕ ಬರ್ತೀನಿ ಅಂತ,” ಎಂದೆ. “ಮತ್ತ ಬ್ಯಾರೇ ಕಡೆ ಯಾಕ ಕೇಳ್ತಿ?”

ಅವಳು ಯೋಚಿಸಿದಳು. “ಅದು ತಾನ ಹೇಳ್ತದ್ರಿ. ಕೇಳಿದ್ರ ಮಾತಾಡೂದಿಲ್ಲ. ಒಬ್ರ ಹೇಳ್ಕೋತ ಕುಂತ್ರ ಅದು ಮಾತಾಗ್ತದೇನು?”

ಅವಳು ಕಾಫಿ ಮಾಡಲು ಎದ್ದಾಗ ಅವಳ ಕುರ್ಚಿಯಲ್ಲಿ ಕೂತೆ. ಅನುಮತಿ ಪಡೆದು ಮೂಲೆಯ ಚೌಕಗಳನ್ನು ಎಬ್ಬಿಸುತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಹೊರಗೆ ಕಳಿಸಿದೆ. ಯಾವ ಸೈಟೂ ಮುಂದೆ ಹೀಗೆ ಕೇಳುವುದಕ್ಕೇ ಆಗದಂತೆ ಮಾಡುವ ಒಂದು ಸೆಟ್ಟಿಂಗ್ ಇತ್ತು. ಅದನ್ನು ಹಾಕಿದೆ. ಅವಳು ಇಲ್ಲ ಎನ್ನಬೇಕಾದ ಸಂದರ್ಭವೇ ಬರದಿರಲಿ ಎಂದು. ಫ್ಯಾಕ್ಟರಿಯ ಹೆಣ್ಣುಮಗಳ ಸಲಹೆಯಂತೆ, ಕೆಟ್ಟ ಸೈಟುಗಳನ್ನು ತಡೆಯುವ ಒಂದು ಕಾವಲನ್ನೂ ಕೂರಿಸಿದೆ.

ಮೂಲೆಯ ಚೌಕಗಳು ನಿಂತವು. ಕೆಂಪು ಪರದೆ ಬರಲಿಲ್ಲ. ಕಂಪ್ಯೂಟರ್ ಸ್ವಚ್ಛವಾಗಿತ್ತು. ಆದರೆ ಆ ವಾರ ಅವಳು ಮಂಕಾಗಿದ್ದಳು. ತಟ್ಟೆಯಲ್ಲಿ ಅರ್ಧ ಊಟ ಉಳಿದಿರುತ್ತಿತ್ತು.

“ಯಾಕ, ಏನಾತು?”

“ಏನಿಲ್ರಿ. ಯಾರೂ ಬರಲಿಲ್ಲ ಇವತ್ತ. ಯಾರೂ ಏನೂ ಕೇಳಲಿಲ್ಲ.”

ಇದನ್ನು ಯಾವ ಅಳತೆಗೋಲಿನಲ್ಲಿ ಅಳೆಯುವುದು? ಮನೆಯನ್ನು ನಾನು ಎಷ್ಟು ಭದ್ರ ಮಾಡಿದ್ದೆನೆಂದರೆ, ಒಬ್ಬರೂ ಬಾಗಿಲಿಗೆ ಬರದ ಮನೆಯಾಗಿತ್ತು ಅದು. ಊಟದ ಬಿಡುವಿನಲ್ಲಿ ಫ್ಯಾಕ್ಟರಿಯ ಹೆಣ್ಣುಮಗಳ ಮೇಜಿನ ಹತ್ತಿರ ಹೋಗಿ ನಿಂತೆ. ಬೇಕಾದದ್ದನ್ನು ಹೇಳಿದೆ. ಆಕೆ ತನ್ನ ಊಟದ ಡಬ್ಬಿಯ ಮುಚ್ಚಳ ಮುಚ್ಚಿ, “ಅಷ್ಟೇನಾ ಸಾರ್? ಈಗ್ಲೇ ಮಾಡ್ಕೊಡ್ತೀನಿ ಕೂತ್ಕೊಳ್ಳಿ,” ಎಂದಳು. ಮಾಡುವಾಗ ಕಾರಣ ಕೇಳಲಿಲ್ಲ. ಮುಗಿದ ಮೇಲೆ, “ಮೇಡಂಗೆ ಅಕ್ಷರ ಇನ್ನೂ ದೊಡ್ಡದ್ ಬೇಕಾದ್ರೆ ಹೇಳಿ,” ಎಂದಳು.

ಈಗ ಪುಟದಲ್ಲಿ ನನ್ನ ಫೋಟೊದ ಕೆಳಗೆ ಒಂದು ಡಬ್ಬಿ ಇದೆ. ಅದರಲ್ಲಿ ಏನು ಬರೆದರೂ, ಅದು ಎಲ್ಲಿಗೂ ಹೋಗುವುದಿಲ್ಲ. ಯಾರೂ ಓದುವುದಿಲ್ಲ. ಬರೆದು ಮುಗಿಸಿದರೆ ಕೆಳಗೆ ಒಂದು ಸಾಲು ಮೂಡುತ್ತದೆ: “ಆರಕ್ಕ ಬರ್ತೀನಿ.” ಊಟದ ಹೊತ್ತಿಗೆ ಮೇಲಿನಿಂದ ಒಂದು ಚೌಕ ಮೆಲ್ಲಗೆ ಇಳಿದು, “ಊಟ ಆತೇನು?” ಎಂದು ಕೇಳುತ್ತದೆ. ಅದಕ್ಕೆ ಒಂದೇ ಗುಂಡಿ: “ಆತು.” ಅದನ್ನು ಒತ್ತುವವರೆಗೆ ಕಾಯುತ್ತದೆ. ಯಾವ ಸದ್ದನ್ನೂ ಮಾಡುವುದಿಲ್ಲ.

ಡಾಕ್ಟರು ಹೇಳಿದ ಕೇಂದ್ರವನ್ನು ಹೋಗಿ ನೋಡಿ ಬಂದೆ. ಒಳ್ಳೆಯ ಜಾಗ, ಒಳ್ಳೆಯ ಜನ. ಒಂದು ದಿನ ಬೇಕಾಗಬಹುದು. ಓನರ್ ಅಮ್ಮನಿಗೆ ಹಾಗೆಯೇ ಹೇಳಿದೆ. ಅವರು ಈಗ ಮಧ್ಯಾಹ್ನ ಇಣುಕುವುದಷ್ಟೇ ಅಲ್ಲ, ಸೊಪ್ಪು ಸೋಸಲು ತಂದು ಅವಳ ಜೊತೆ ಕೂರುತ್ತಾರೆ.

ಹೊಸ ಪುಟ ಹಾಕಿದ ದಿನ ಸಂಜೆ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು, ಹಣೆಗೆ ವಿಭೂತಿ ಹಚ್ಚಿಕೊಂಡು, ಒಳ್ಳೆಯ ಸೀರೆ ಉಟ್ಟು. ಅಡುಗೆಮನೆಯಲ್ಲಿ ತಟ್ಟೆ ತೊಳೆದು ಬೋರಲು ಹಾಕಿದ್ದು ಹೊರಗಿನಿಂದಲೇ ಕಂಡಿತು.

“ರೀ, ಯಾರೋ ಬಂದಿದ್ರು,” ಎಂದಳು, ದನಿ ತಗ್ಗಿಸಿ.

“ಯಾರು?”

“ತಿಳೀಲಿಲ್ರಿ. ಊಟ ಆತೇನು ಅಂತ ಕೇಳಿದ್ರು. ಅದಕ್ಕ ಹೋಗಿ ಉಂಡು ಬಂದು, ಆತು ಅಂದೆ. ಅಲ್ಲೀತನಕಾ ನಿಂತಿದ್ರು ಪಾಪ. ಭಾಳ ಛಲೋ ಮನಷ್ಯಾರು.”

“ಒಳಗ ಕರೀಲಿಲ್ಲೇನು?”

“ಕರೀದ ಬಿಡ್ತೀನೇನು? ಬರ್ರಿ ಅಂತ ಬರದೆ.” ಅವಳು ನನ್ನ ಕೈಯಿಂದ ಊಟದ ಚೀಲ ತೆಗೆದುಕೊಂಡು, ರಸ್ತೆಯ ಕಡೆಗೊಮ್ಮೆ ನೋಡಿದಳು. “ಆರಕ್ಕ ಬರ್ತೀನಿ ಅಂದಾರ.”

ಗೋಡೆಯ ಗಡಿಯಾರ ನೋಡಿದೆ. ಆರು ಹೊಡೆಯಲು ಇನ್ನೂ ಸ್ವಲ್ಪವೇ ಹೊತ್ತಿತ್ತು. ಬೂಟು ಬಿಚ್ಚದೆ, ಅವಳ ಪಕ್ಕದಲ್ಲಿ ಹೊಸ್ತಿಲ ಹತ್ತಿರ ನಿಂತುಕೊಂಡೆ.